ಹ್ಯಾಮ್‌ಸ್ಟ್ರಿಂಗ್ ಆಪರೇಷನ್ ಆದ ಮೇಲೆ: ಹಾಸಿಗೆಯಿಂದ ಹಾಕಿ ಮೈದಾನದವರೆಗೆ

ನಮ್ಮ ಕೊಡಗಿನಲ್ಲಿ ಏಪ್ರಿಲ್, ಮೇನಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ. ಅದು ಮುಗಿಯುತ್ತಿದ್ದ ಹಾಗೆ ಮಳೆ, ಪಾಚಿ ಕಟ್ಟಿದ ಅಂಗಳ. ಈ ಕೆಲವು ತಿಂಗಳಲ್ಲಿ ನನ್ನ ಹತ್ತಿರ ಬರುವ ಪ್ರಶ್ನೆ ಒಂದೇ: "ತೊಡೆ ಹಿಂದಿನ ನರ ಕಿತ್ತು ಹೋಗಿತ್ತು, ಆಪರೇಷನ್ ಆಯ್ತು. ಇನ್ನು ಯಾವಾಗ ನಡೀಬಹುದು, ಯಾವಾಗ ತೋಟಕ್ಕೆ ಇಳೀಬಹುದು, ಮುಂದಿನ ವರ್ಷ ಆಡಬಹುದಾ?" ಫಿಸಿಯೋಥೆರಪಿ ನನ್ನ ಕೆಲಸ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳುವಾಗ ಏನಾದರೂ ಬಿಟ್ಟೇ ಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಆಪರೇಷನ್ನಿನಲ್ಲಿ ನೋವು ಬೇಗ ಹೋಗುತ್ತದೆ, ಗಾಯ ನಿಧಾನವಾಗಿ ಕೂಡುತ್ತದೆ. ಮೂರನೇ ವಾರಕ್ಕೆ "ನಂಗೇನೂ ಆಗಿಲ್ಲ" ಅನ್ನಿಸುತ್ತದೆ. ಹೊಲಿಗೆ ಕಿತ್ತುಕೊಳ್ಳುವ ಅಪಾಯ ಜಾಸ್ತಿ ಇರುವುದೂ ಆಗಲೇ. ಮುಂದೆ ಬರೆದಿರುವುದನ್ನೆಲ್ಲ ಇದನ್ನು ನೆನಪಿಟ್ಟುಕೊಂಡು ಓದಿ.

ಒಳಗೆ ಏನು ಹೊಲಿದಿದ್ದಾರೆ?

ನಮ್ಮಲ್ಲಿ ಎಲ್ಲರೂ "ನರ" ಅನ್ನುತ್ತಾರೆ. ಅದು ನರ ಅಲ್ಲ. ಗಟ್ಟಿ ಮರದ ಬೆಂಚಿನ ಮೇಲೆ ಕೂತಾಗ ಕೆಳಗೆ ಒತ್ತುವ ಮೂಳೆ ಇದೆಯಲ್ಲ, ಅದು ಕೂರುವ ಮೂಳೆ. ಅಲ್ಲಿಂದ ಹೊರಟು ತೊಡೆಯ ಹಿಂದೆ ಇಳಿದು ಮಂಡಿಯ ಕೆಳಗೆ ಸೇರುವ ಮೂರು ಸ್ನಾಯುಗಳ ಗುಂಪಿಗೆ ಹ್ಯಾಮ್‌ಸ್ಟ್ರಿಂಗ್ ಅನ್ನುತ್ತಾರೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗಕ್ಕೆ ಟೆಂಡನ್ ಅಂತ ಹೆಸರು. ಕಾಲು ಮುಂದಕ್ಕೆ ಜಾರಿ, ಮಂಡಿ ನೆಟ್ಟಗಿದ್ದು, ಮೈ ಮುಂದಕ್ಕೆ ಬಾಗಿದಾಗ ಈ ಹಗ್ಗ ಮೂಳೆಯಿಂದಲೇ ಕಿತ್ತು ಬರುತ್ತದೆ. ಒದ್ದೆ ಮೆಟ್ಟಿಲಲ್ಲಿ ಜಾರಿದಾಗಲೂ ಹೀಗೇ, ಚೆಂಡು ತಡೆಯಲು ಒಂದು ಕಾಲು ಉದ್ದಕ್ಕೆ ಚಾಚಿದಾಗಲೂ ಹೀಗೇ. ಸರ್ಜನ್ ಮೂಳೆಯಲ್ಲಿ ಆ್ಯಂಕರ್ ಕೂರಿಸುತ್ತಾರೆ. ಆ್ಯಂಕರ್ ಅಂದರೆ ದಾರ ಪೋಣಿಸಿದ ಪುಟ್ಟ ಗೂಟ. ಆ ದಾರದಿಂದ ಟೆಂಡನ್ನನ್ನು ಎಳೆದು ಮೂಳೆಗೆ ಕಟ್ಟುತ್ತಾರೆ.

ಕಸಿ ಕಟ್ಟಿದ ಗಿಡ ನೋಡಿದ್ದೀರಲ್ಲ? ಪಟ್ಟಿ ಸುತ್ತಿದ ದಿನ ಅದು ನಿಂತಿರುವುದು ಪಟ್ಟಿಯ ಬಲದಿಂದ. ಸ್ವಲ್ಪ ದಿನಕ್ಕೆ ಚಿಗುರು ಬರುತ್ತದೆ. ಚಿಗುರು ಬಂತು ಅಂತ ಹಿಡಿದು ಎಳೆದು ನೋಡಿದರೆ ಕೈಗೆ ಬರುತ್ತದೆ. ಇಲ್ಲೂ ಹಾಗೇ. ಮೊದಲ 6 ವಾರ ಬಹುಪಾಲು ಭಾರ ಹೊರುವುದು ದಾರ. ಟೆಂಡನ್ ಮೂಳೆಗೆ ಚೆನ್ನಾಗಿ ಬೆಸೆಯಲು ಸುಮಾರು 3 ತಿಂಗಳು ಬೇಕು. ಅದು ಬಲಿಯುವ ಕೆಲಸ ವರ್ಷದವರೆಗೂ ನಡೆಯುತ್ತದೆ.

ಹ್ಯಾಮ್‌ಸ್ಟ್ರಿಂಗ್ ಎರಡು ಕೀಲು ದಾಟುತ್ತದೆ, ಸೊಂಟದ ಕೀಲು ಮತ್ತು ಮಂಡಿ. ಸೊಂಟ ಬಾಗಿ ಮಂಡಿ ನೆಟ್ಟಗಾದಾಗ ಅದಕ್ಕೆ ಬೀಳುವ ಎಳೆತ ಎಲ್ಲಕ್ಕಿಂತ ಜಾಸ್ತಿ. ಆದ್ದರಿಂದ ಮೊದಲ 3 ತಿಂಗಳಿಗೆ ನಿಯಮ ಒಂದೇ: ಸೊಂಟ ಬಾಗಿಸುವಾಗ ಮಂಡಿ ನೆಟ್ಟಗಿರಬಾರದು. ಇದನ್ನು ಮನೆಯವರಿಗೂ ಹೇಳಿಕೊಡಿ.

ಒಂದು ಗೊಂದಲ ಪದೇ ಪದೇ ಆಗುತ್ತದೆ. ಮಂಡಿಯೊಳಗೆ ಎರಡು ಮೂಳೆಗಳನ್ನು ಬಿಗಿದು ಹಿಡಿಯುವ ಎಸಿಎಲ್ ಅನ್ನುವ ಪಟ್ಟಿ ಹರಿದಾಗ ಹಲವು ಸಲ ಹ್ಯಾಮ್‌ಸ್ಟ್ರಿಂಗಿನಿಂದ ಒಂದು ಎಳೆ ತೆಗೆದು ಅಲ್ಲಿ ಹಾಕುತ್ತಾರೆ. ಅದು ಬೇರೆಯೇ ಆಪರೇಷನ್. ಅದಾದ ಮೇಲೆ ಮಂಡಿಯನ್ನು ಮೊದಲ ವಾರದಿಂದಲೇ ಪೂರ್ತಿ ನೆಟ್ಟಗೆ ಮಾಡಿಸುತ್ತಾರೆ. ನೆಂಟರೊಬ್ಬರು "ನಂಗೂ ಹ್ಯಾಮ್‌ಸ್ಟ್ರಿಂಗೇ ಆಗಿದ್ದು" ಅಂತ ಆ ವ್ಯಾಯಾಮದ ಹಾಳೆ ವಾಟ್ಸಾಪಿನಲ್ಲಿ ಕಳಿಸಿದರೆ ದಯವಿಟ್ಟು ಅದನ್ನು ಮಾಡಬೇಡಿ.

ಡಿಸ್ಚಾರ್ಜ್ ಆಗುವ ಮುಂಚೆ ಕೇಳಿ, ಬರೆದುಕೊಳ್ಳಿ

ಎಲ್ಲರ ಗಾಯ ಒಂದೇ ಥರ ಇರುವುದಿಲ್ಲ. ಬಿದ್ದ ಎರಡು ವಾರದೊಳಗೆ ಆಪರೇಷನ್ ಆದವರಿಗೂ, ಆರು ತಿಂಗಳು ಸುಮ್ನೆ ಎಣ್ಣೆ ಹಚ್ಚಿಕೊಂಡಿದ್ದು ಆಮೇಲೆ ಹೋದವರಿಗೂ ವ್ಯತ್ಯಾಸ ಇದೆ. ತಡವಾದರೆ ಟೆಂಡನ್ ಕೆಳಗೆ ಸರಿದು ಕುಗ್ಗಿರುತ್ತದೆ. ಅದನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ. ಅಂಥವರಿಗೆ ಎಲ್ಲ ಹಂತವೂ ನಿಧಾನ. ಹಾಗಾಗಿ ನಾನು ಇಲ್ಲಿ ಕೊಟ್ಟಿರುವ ವಾರಗಳು ಅಂದಾಜಿಗೆ ಮಾತ್ರ. ನಿಮ್ಮ ಸರ್ಜನ್ ಹೇಳಿದ್ದು ಇದಕ್ಕಿಂತ ಬೇರೆ ಇದ್ದರೆ ಅವರ ಮಾತೇ ನಡೆಯಬೇಕು. ಈ ಪ್ರಶ್ನೆಗಳನ್ನು ಕೇಳದೆ ಆಸ್ಪತ್ರೆ ಬಿಡಬೇಡಿ:

- ಎಷ್ಟು ಟೆಂಡನ್ ಕಿತ್ತಿತ್ತು? ಹೊಲಿಗೆ ಬಿಗಿಯಾಗಿದೆಯಾ?
- ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಎಷ್ಟು ವಾರ?
- ಸೊಂಟ ಎಷ್ಟರವರೆಗೆ ಬಗ್ಗಿಸಬಹುದು? ಬ್ರೇಸ್ ಹಾಕಬೇಕಾ? ಹಾಕಿದರೆ ಮಲಗುವಾಗಲೂ ಬೇಕಾ? (ಬ್ರೇಸ್ ಅಂದರೆ ಕೀಲು ಜಾಸ್ತಿ ಅಲುಗದಂತೆ ಹಿಡಿಯುವ ಪಟ್ಟಿ. ಕೆಲವು ಸರ್ಜನ್‌ಗಳು ಕೊಡುತ್ತಾರೆ, ಕೆಲವರು ಕೊಡುವುದಿಲ್ಲ.)
- ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಔಷಧಿ ಎಷ್ಟು ದಿನ?
- ತೊಡೆಯ ಹಿಂದೆ ಹೋಗುವ ದೊಡ್ಡ ನರಕ್ಕೆ, ಅಂದರೆ ಸಯಾಟಿಕ್ ನರಕ್ಕೆ, ಏನಾದರೂ ಆಗಿತ್ತಾ?

ಮನೆಯಲ್ಲಿ ಮೊದಲೇ ಸಿದ್ಧ ಇರಬೇಕಾದ್ದು

ಸಾಧ್ಯವಾದರೆ ಆಪರೇಷನ್ನಿಗೆ ಹೋಗುವ ಮುಂಚೆಯೇ ಇದನ್ನೆಲ್ಲ ಮಾಡಿಡಿ.

ಕಮೋಡ್ ಬೇಕೇ ಬೇಕು. ಕುಕ್ಕರುಗಾಲಲ್ಲಿ ಕೂರುವ ಕಕ್ಕಸು ಕನಿಷ್ಠ 3 ತಿಂಗಳು ಬೇಡ. ಕಮೋಡ್ ಇದ್ದರೂ ಅದು ತಗ್ಗಿರುತ್ತದೆ, ಮೇಲೆ ಇಡುವ ಎತ್ತರದ ಸೀಟು ತನ್ನಿ. ಕಮೋಡೇ ಇಲ್ಲದಿದ್ದರೆ ಕಮೋಡ್ ಕುರ್ಚಿ ಮೆಡಿಕಲ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ತೋಟದ ಮನೆಗಳಲ್ಲಿ ಕಕ್ಕಸು ಹೊರಗಿದ್ದರೆ ಕುರ್ಚಿಯನ್ನು ಮನೆಯೊಳಗೇ ಒಂದು ಕೋಣೆಯಲ್ಲಿ ಇಟ್ಟುಬಿಡಿ. ನಾಚಿಕೆ ಪಡಬೇಕಾದ ವಿಷಯ ಅಲ್ಲ ಇದು. ರಾತ್ರಿ ಮಳೆಯಲ್ಲಿ ಊರುಗೋಲು ಹಿಡಿದು ಅಂಗಳ ದಾಟುವುದು ಅದಕ್ಕಿಂತ ಎಷ್ಟೋ ಅಪಾಯ.

ಕೂರಲು ಕುಶನ್. ಇದನ್ನು ಮನೆಯಲ್ಲೇ ಮಾಡಬಹುದು. ಸುಮಾರು 4 ಇಂಚು ದಪ್ಪದ ಗಟ್ಟಿ ಫೋಮ್ ತುಂಡು ತೆಗೆದುಕೊಳ್ಳಿ. ಅದರ ಮೇಲೆ ಒಮ್ಮೆ ಕೂತು, ಆಪರೇಷನ್ ಆದ ಕಡೆಯ ಕೂರುವ ಮೂಳೆ ಎಲ್ಲಿ ಒತ್ತುತ್ತದೆ ಅಂತ ಮನೆಯವರಿಂದ ಪೆನ್ನಲ್ಲಿ ಗುರುತು ಹಾಕಿಸಿ. ಆ ಜಾಗದಲ್ಲಿ ಅಂಗೈಯಗಲ, ಹಿಂದಿನ ಅಂಚಿನವರೆಗೂ, ಹಲ್ಲಿನ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಕೂತಾಗ ಆ ಮೂಳೆ ಗಾಳಿಯಲ್ಲಿರಬೇಕು, ಭಾರ ತೊಡೆಗೂ ಇನ್ನೊಂದು ಪಿರ್ರೆಗೂ ಹೋಗಬೇಕು. ಮೇಲೆ ಹತ್ತಿ ಬಟ್ಟೆಯ ಕವರ್ ಹಾಕಿ. ಎರಡು ಕವರ್ ಇರಲಿ, ಮಳೆಗಾಲದಲ್ಲಿ ಒಣಗುವುದಿಲ್ಲ.

ಊರುಗೋಲಿನ ತಳದ ರಬ್ಬರ್ ತಿರುಗಿಸಿ ನೋಡಿ. ಗೀರು ಸವೆದು ನುಣ್ಣಗಾಗಿದ್ದರೆ ಇವತ್ತೇ ಬದಲಾಯಿಸಿ. ಜಂಬಿಟ್ಟಿಗೆ ಮೆಟ್ಟಿಲು, ಸಿಮೆಂಟ್ ಅಂಗಳದ ಪಾಚಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ಬ್ರಷ್‌ನಲ್ಲಿ ಉಜ್ಜಿಸಿ. ನಡೆಯುವ ದಾರಿಗೆ ಮರಳು ಹಾಕಿಸಿ. ಜಗಲಿಯಲ್ಲಿ ಗೋಣಿಚೀಲ ಹಾಸಬೇಡಿ, ಊರುಗೋಲಿನ ಜೊತೆ ಅದೂ ಜಾರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ನೀವು ಎದ್ದು ಓಡಾಡುವ ಹೊತ್ತಿಗೆ ಕಟ್ಟಿಹಾಕಿಸಿ. ಅದು ಪ್ರೀತಿಯಿಂದಲೇ ಮೈಮೇಲೆ ಹಾರುತ್ತದೆ, ಆದರೆ ಬೀಳುವವರು ನೀವು.

ಹಂತ 1: ಆಸ್ಪತ್ರೆಯಿಂದ ಮನೆಗೆ

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿನಿಂದಾದರೆ ಸಂಪಾಜೆ ಘಾಟಿ ಹತ್ತಬೇಕು. ಜೀಪು ಬೇಡ, ಸೀಟು ಹಿಂದಕ್ಕೆ ವಾಲುವ ಕಾರು ಇರಲಿ. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನು ಅರ್ಧ ಮಲಗಿದ ಹಾಗೆ ಮಾಡಿ, ಕುಶನ್ ಹಾಕಿ. ಮಂಡಿಯ ಕೆಳಗೆ ದಿಂಬು. ಕಾರಿನೊಳಗೆ ಹೋಗುವಾಗ ಮೊದಲು ಹಿಂಭಾಗ ಸೀಟಿಗೆ ಇಡಿ, ಆಮೇಲೆ ಮಂಡಿ ಮಡಿಸಿಕೊಂಡೇ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತನ್ನಿ. ಒಂದು ಗಂಟೆಗೆ ಒಮ್ಮೆ ನಿಲ್ಲಿಸಿ, ಇಳಿದು ಊರುಗೋಲಿನಲ್ಲಿ ಎರಡು ನಿಮಿಷ ನಿಲ್ಲಿ. ದಾರಿಯುದ್ದಕ್ಕೂ ಪಾದ ಮೇಲೆ ಕೆಳಗೆ ಆಡಿಸುತ್ತಿರಿ.

ಹಂತ 2: ಮೊದಲ 2 ವಾರ

ಈ ಎರಡು ವಾರದಲ್ಲಿ ನಿಮ್ಮ ಕೆಲಸ ಹೊಲಿಗೆ ಕಾಯುವುದು, ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವುದು.

ನಡಿಗೆ ಎರಡು ಊರುಗೋಲಿನಲ್ಲಿ. ಆಪರೇಷನ್ ಆದ ಕಾಲಿನ ಬೆರಳು ನೆಲ ಮುಟ್ಟಿದರೆ ಸಾಕು, ಭಾರ ಬೇಡ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು. ಇಳಿಯುವಾಗ ಊರುಗೋಲು ಮತ್ತು ಆಪರೇಷನ್ ಆದ ಕಾಲು ಮೊದಲು. ಪಕ್ಕದಲ್ಲಿ ಒಬ್ಬರು ಇರಲಿ.

ಮಲಗುವುದು ಅಂಗಾತ, ಮಂಡಿ ಕೆಳಗೆ ದಿಂಬು. ಅಥವಾ ಒಳ್ಳೆ ಕಡೆಗೆ ಹೊರಳಿ, ಕಾಲುಗಳ ನಡುವೆ ದಿಂಬು. ಕೂರುವುದು ಒಂದು ಸಲಕ್ಕೆ 20 ನಿಮಿಷ, ಕುಶನ್ ಮೇಲೆ, ಹಿಂದಕ್ಕೆ ಒರಗಿ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಹಾಸಿಗೆಯಲ್ಲಿ ಕೆಳಗೆ ಜಾರಿದಾಗ ಮೇಲಕ್ಕೆ ಬರಲು ಏನು ಮಾಡುತ್ತೀರಿ? ಹಿಮ್ಮಡಿ ಹಾಸಿಗೆಗೆ ಊರಿ ತಳ್ಳುತ್ತೀರಿ, ಅಲ್ವಾ? ಆ ತಳ್ಳುವಿಕೆಯ ಜೋರು ಬೀಳುವುದು ಹೊಸ ಹೊಲಿಗೆ ಮೇಲೆ. ಅದರ ಬದಲು ಒಳ್ಳೆ ಕಾಲು ಮಡಿಸಿ ಅದರ ಪಾದ ಊರಿ, ಎರಡೂ ಮೊಣಕೈ ಒತ್ತಿ ಮೇಲೆ ಸರಿಯಿರಿ. ಆಪರೇಷನ್ ಆದ ಕಾಲು ಸುಮ್ನೆ ಜೊತೆಗೆ ಬರಲಿ. ಇನ್ನೊಂದು: ಮಂಚದ ಮೇಲೆ ಕಾಲು ಉದ್ದಕ್ಕೆ ಚಾಚಿ, ಬೆನ್ನು ನೆಟ್ಟಗೆ ಮಾಡಿ ಕೂತು ಊಟ ಮಾಡುವುದು. ಮನೆಯವರು ಪ್ರೀತಿಯಿಂದ ತಟ್ಟೆಯನ್ನು ಮಂಚಕ್ಕೇ ತಂದು ಕೊಡುತ್ತಾರೆ. ಆದರೆ ಸೊಂಟ ಬಾಗಿ, ಮಂಡಿ ನೆಟ್ಟಗೆ ಇರುವ ಭಂಗಿ ಅದೇ ಅಲ್ಲವಾ? ಊಟ ಮಂಚದ ಅಂಚಿಗೆ ಬಂದು, ಕುಶನ್ ಹಾಕಿ, ಕಾಲು ಕೆಳಗೆ ಇಳಿಬಿಟ್ಟು ಮಾಡಿ. ಇಲ್ಲವೇ ನಿಂತೇ ಮಾಡಿ.

ವ್ಯಾಯಾಮ ಮೂರೇ. ಎಚ್ಚರ ಇರುವಾಗ ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ 20 ಸಲ. ಮಂಡಿ ಕೆಳಗೆ ದಿಂಬಿಟ್ಟು ತೊಡೆಯ ಮುಂಭಾಗ ಬಿಗಿ ಮಾಡಿ 5 ಸೆಕೆಂಡ್ ಹಿಡಿದು ಬಿಡುವುದು, 10 ಸಲ, ದಿನಕ್ಕೆ ಮೂರು ಬಾರಿ. ದೀರ್ಘ ಉಸಿರು. ಅಷ್ಟೇ. ಇದಕ್ಕಿಂತ ಜಾಸ್ತಿ ಮಾಡಿದರೆ ಬೇಗ ವಾಸಿಯಾಗುವುದಿಲ್ಲ.

ಗಾಯ ಇರುವುದು ಪಿರ್ರೆಯ ಮಡಿಕೆಯಲ್ಲಿ. ಬೆವರು ನಿಲ್ಲುವ ಜಾಗ, ಕಕ್ಕಸಿಗೂ ಹತ್ತಿರ. ತೊಳೆಯುವಾಗ ನೀರು, ಕೈ ಎರಡೂ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಡ್ರೆಸ್ಸಿಂಗ್ ಒದ್ದೆಯಾದರೆ ಅವತ್ತೇ ಬದಲಾಯಿಸಬೇಕು. ಹಂಡೆಯ ನೀರು ತೆಗೆಯಲು ಬಗ್ಗಬೇಡಿ, ಬೇರೆಯವರು ಬಕೆಟನ್ನು ಸ್ಟೂಲಿನ ಮೇಲೆ ಇಟ್ಟುಕೊಡಲಿ. ಚರ್ಮದ ಮೇಲಿನ ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ.

ಕೆಲವು ನೋವಿನ ಮಾತ್ರೆಗಳಿಂದ ಮಲ ಗಟ್ಟಿಯಾಗುತ್ತದೆ. ತಿಣುಕಿದರೆ ಗಾಯದ ಜಾಗಕ್ಕೇ ಒತ್ತಡ. ನೀರು, ಸೊಪ್ಪು, ಪಪ್ಪಾಯಿ, ಬಾಳೆಹಣ್ಣು ಜಾಸ್ತಿ ಮಾಡಿ. ಮೂರು ದಿನ ಆದರೂ ಹೋಗದಿದ್ದರೆ ಡಾಕ್ಟರಿಗೆ ಹೇಳಿ. ಗಾಯ ಕೂಡಲು ಪ್ರೋಟೀನ್ ಬೇಕು. ಮೊಟ್ಟೆ, ಮೀನು, ಮಾಂಸ, ಬೇಳೆ, ಹೆಸರುಕಾಳು, ನಿಮ್ಮ ಮನೆಯಲ್ಲಿ ಏನು ನಡೆಯುತ್ತದೋ ಅದು ದಿನಾ ಇರಲಿ. ಸಿಗರೇಟು ಪೂರ್ತಿ ಬಿಡಿ, ಅದು ಟೆಂಡನ್ ಕೂಡುವುದನ್ನು ನಿಧಾನ ಮಾಡುತ್ತದೆ. ನೋವಿನ ಮಾತ್ರೆ ನುಂಗುವಷ್ಟು ದಿನ ಡ್ರಿಂಕ್ಸ್ ಬೇಡ. ಊರುಗೋಲಿನಲ್ಲಿ ಇರುವಷ್ಟು ದಿನವೂ ಬೇಡ. ಸಕ್ಕರೆ ಕಾಯಿಲೆ ಇದ್ದವರು ಸಕ್ಕರೆ ಹತೋಟಿಯಲ್ಲಿಡಿ.

ರಕ್ತ ತೆಳು ಮಾಡುವ ಔಷಧಿ ನಡೆಯುತ್ತಿದ್ದರೆ, ಜಿಗಣೆ ಕಚ್ಚಿದ ಜಾಗದಿಂದ ರಕ್ತ ನಿಲ್ಲಲು ಹೊತ್ತು ಹಿಡಿಯುತ್ತದೆ. ಮಳೆಗಾಲದಲ್ಲಿ ಅಂಗಳದ ಹುಲ್ಲಿಗೆ ಹೋಗದಿರಲು ಇದೂ ಒಂದು ಕಾರಣ.

ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ

ಮೀನಖಂಡ ಊದಿ, ಬಿಗಿದು, ಮುಟ್ಟಿದರೆ ನೋವು: ಅವತ್ತೇ ಆಸ್ಪತ್ರೆಗೆ. ಇದ್ದಕ್ಕಿದ್ದ ಹಾಗೆ ಉಸಿರು ಕಟ್ಟುವುದು, ಎದೆ ನೋವು: ತಕ್ಷಣ 108. ಕಾಲಿನಲ್ಲಿ ಕಟ್ಟಿದ ರಕ್ತದ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಹೀಗಾಗುತ್ತದೆ. ಪ್ರಾಣಕ್ಕೇ ಅಪಾಯ. ಗಾಯದಿಂದ ಕೀವು, ಜ್ವರ, ಕೆಂಪು ಹರಡುವುದು. ಪಾದ ಮೇಲಕ್ಕೆ ಎತ್ತಲು ಆಗದೆ ಜೋತು ಬೀಳುವುದು. "ಫಟ್" ಅಂದು ಕೂರುವ ಮೂಳೆ ಹತ್ತಿರ ನೋವು ಬಂದು, ತೊಡೆ ಹಿಂದೆ ನೀಲಿಗಟ್ಟುವುದು. ಇವು ಮೂರಕ್ಕೂ ಅವತ್ತೇ ಸರ್ಜನ್ನಿಗೆ ಫೋನ್ ಮಾಡಿ. ಗಾಯದ ಸುತ್ತ, ತೊಡೆಯ ಹಿಂದೆ ಚರ್ಮ ಸ್ವಲ್ಪ ಮರಗಟ್ಟಿದ ಹಾಗೆ ಇರುವುದು ಮಾತ್ರ ಮಾಮೂಲು. ಅದು ಕೆಲವು ತಿಂಗಳು ಇರಬಹುದು.

ಮೋಡ ಕವಿದು ಕರೆಂಟು ಹೋದರೆ ಹಲವು ಊರುಗಳಲ್ಲಿ ಫೋನ್ ಸಿಗ್ನಲ್ಲೂ ಹೋಗುತ್ತದೆ. ಆಗ ಯಾರ ಮನೆಗೆ ಓಡಬೇಕು, ಯಾರ ವಾಹನ ಸಿಗುತ್ತದೆ ಅಂತ ಮೊದಲೇ ಮಾತಾಡಿಟ್ಟುಕೊಳ್ಳಿ.

ಹಂತ 3: 2ರಿಂದ 6 ವಾರ

ಅತಿ ಜಾಗ್ರತೆ ಬೇಕಾದ ಕಾಲ ಇದು. ನೋವು ಇಳಿದಿರುತ್ತದೆ, ನೋಡಲು ಬಂದವರು "ಚೆನ್ನಾಗೇ ಇದ್ದೀರಲ್ಲ" ಅನ್ನುತ್ತಾರೆ. ತೋಟದಿಂದ ಒಂದೊಂದೇ ಕೆಲಸದ ಸುದ್ದಿ ಬರುತ್ತದೆ. ಕೂತವರಿಗೆ ಕೂರಲಾಗುವುದಿಲ್ಲ. ನನಗೆ ಅದು ಅರ್ಥವಾಗುತ್ತದೆ. ಆದರೂ ಇನ್ನು ನಾಲ್ಕು ವಾರ ತಡೆಯಿರಿ.

ಭಾರ ಹಾಕುವುದನ್ನು ವಾರ ವಾರ ಹೆಚ್ಚಿಸಿ. ಮನೆಯ ತೂಕದ ಯಂತ್ರ ಇದ್ದರೆ ಅದರ ಮೇಲೆ ಆಪರೇಷನ್ ಆದ ಕಾಲಿಟ್ಟು, ಊರುಗೋಲು ಹಿಡಿದು ನಿಧಾನ ಒತ್ತಿ ನೋಡಿ. 15 ಕಿಲೋ ಅಂದರೆ ಎಷ್ಟು ಅಂತ ಕಾಲಿಗೇ ಗೊತ್ತಾಗುತ್ತದೆ. ಬಹಳಷ್ಟು ಜನ 4ರಿಂದ 6 ವಾರದ ಹೊತ್ತಿಗೆ ಎರಡರಿಂದ ಒಂದು ಊರುಗೋಲಿಗೆ, ಆಮೇಲೆ ಬರಿಗೈಗೆ ಬರುತ್ತಾರೆ. ಒಂದೇ ಊರುಗೋಲಿದ್ದರೆ ಅದು ಒಳ್ಳೆ ಕಾಲಿನ ಕಡೆಯ ಕೈಯಲ್ಲಿರಬೇಕು. ಕುಂಟುತ್ತಿದ್ದರೆ ಊರುಗೋಲು ಬಿಡಬೇಡಿ. ಕುಂಟು ನಡಿಗೆ ಅಭ್ಯಾಸವಾದರೆ ಬಿಡಿಸುವುದು ಕಷ್ಟ.

ಫಿಸಿಯೋ ಹೇಳಿಕೊಟ್ಟ ಮೇಲೆ ಇವನ್ನು ಸೇರಿಸಿಕೊಳ್ಳಿ: ಅಂಗಾತ ಮಲಗಿ ಬೇರೆಯವರು ಹಿಡಿದು ಮಂಡಿ ಮಡಿಸಿಕೊಡುವುದು, ಪಿರ್ರೆ ಮೆಲ್ಲಗೆ ಬಿಗಿ ಮಾಡಿ ಬಿಡುವುದು, ಒಳ್ಳೆ ಕಡೆಗೆ ಮಲಗಿ ಮೇಲಿನ ಕಾಲನ್ನು ಪಕ್ಕಕ್ಕೆ ಎತ್ತುವುದು. ಹಿಮ್ಮಡಿಯನ್ನು ಪಿರ್ರೆಯ ಕಡೆಗೆ ನೀವೇ ಬಲ ಹಾಕಿ ಎಳೆಯುವ ವ್ಯಾಯಾಮ ಈಗ ಬೇಡ.

ವ್ಯಾಯಾಮದಲ್ಲಿ ತಪ್ಪು ಮಾಡುವವರು ಕಡಿಮೆ. ದಿನದ ಸಣ್ಣ ಸಣ್ಣ ಕೆಲಸದಲ್ಲೇ ಎಡವುವುದು ಜಾಸ್ತಿ.

ಗಂಬೂಟು. ಒದ್ದೆ ಗಂಬೂಟು ಬಿಚ್ಚುವಾಗ ಒಂದು ಕಾಲಿನ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ ಹಿಂದಕ್ಕೆ ಎಳೆಯುತ್ತೇವೆ. ಒಳಗೆ ಗಾಳಿ ಹಿಡಿದು ಬಿಡುವುದೇ ಇಲ್ಲ, ಇನ್ನೂ ಜೋರಾಗಿ ಎಳೆಯುತ್ತೇವೆ. ಆ ಎಳೆತದ ಕೆಲಸವೆಲ್ಲ ಹ್ಯಾಮ್‌ಸ್ಟ್ರಿಂಗಿನದು. ಕೆಸರಲ್ಲಿ ಹೂತ ಕಾಲು ಕೀಳುವುದೂ ಹಾಗೇ. ಗಂಬೂಟು 3 ತಿಂಗಳು ಅಟ್ಟದ ಮೇಲಿರಲಿ. ಹಿಂದೆ ಪಟ್ಟಿ ಇರುವ, ತಳ ಗಟ್ಟಿ ಹಿಡಿಯುವ ಚಪ್ಪಲಿ ಹಾಕಿ. ಕಾಲಿನಿಂದ ಕುರ್ಚಿ ಹತ್ತಿರ ಎಳೆದುಕೊಳ್ಳುವುದೂ ಬೇಡ.

ಹಿರಿಯರ ಕಾಲು ಮುಟ್ಟುವುದು. ನಮ್ಮಲ್ಲಿ ಇದನ್ನು ಬಿಡಲು ಯಾರಿಗೂ ಮನಸ್ಸು ಬರುವುದಿಲ್ಲ. ಮದುವೆಗೆ ಹೋದರೆ ಹತ್ತಾರು ಹಿರಿಯರು, ಸುಗ್ಗಿ ಹಬ್ಬ ಪುತ್ತರಿಗೆ ಮನೆ ತುಂಬ ಜನ. ಮಂಡಿ ನೆಟ್ಟಗಿಟ್ಟು ಸೊಂಟದಿಂದ ಬಗ್ಗಿ ನೆಲದ ಹತ್ತಿರ ಕೈ ಚಾಚುವುದು ಅಂದರೆ, ಮೇಲೆ ಹೇಳಿದ ನಿಯಮಕ್ಕೆ ಪೂರ್ತಿ ಉಲ್ಟಾ. ಮನೆಯವರು ಮೊದಲೇ ಹೋಗಿ ಹೇಳಲಿ, ನೀವು ನಿಂತು ಕೈ ಮುಗಿಯಿರಿ. ಹಿರಿಯರೇ ತಲೆ ಮೇಲೆ ಕೈ ಇಡುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ.

ಎಣ್ಣೆ ತಿಕ್ಕುವುದು. "ಬಿಗಿ ಇದೆ, ಸ್ವಲ್ಪ ಎಳೆದು ತಿಕ್ಕಿದರೆ ಸಡಿಲ ಆಗ್ತದೆ" ಅನ್ನುವವರು ಪ್ರತಿ ಊರಲ್ಲೂ ಇದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಆ ಬಿಗಿ ಈಗ ಇರಲೇಬೇಕು, ಹೊಲಿಗೆ ಕಾಯುತ್ತಿರುವುದು ಅದೇ. ಎಳೆಯುವುದು, ತಿಕ್ಕುವುದು, ತೊಡೆಯ ಮೇಲೆ ತುಳಿಸಿಕೊಳ್ಳುವುದು ಯಾವುದೂ ಬೇಡ.

ಹಂತ 4: 6ರಿಂದ 12 ವಾರ

ಸರ್ಜನ್ ನೋಡಿ ಒಪ್ಪಿದ ಮೇಲೆ ಮಾತ್ರ ಈ ಹಂತ. ಈಗ ಮೊದಲ ಸಲ ಹ್ಯಾಮ್‌ಸ್ಟ್ರಿಂಗಿಗೆ ಕೆಲಸ ಕೊಡುತ್ತೇವೆ, ಅದೂ ಸ್ನಾಯು ಕುಗ್ಗಿದ ಸ್ಥಿತಿಯಲ್ಲಿ. ಹಿಗ್ಗಿಸಿ ಅಲ್ಲ.

1. ಬೋರಲು ಮಲಗಿ ಮಂಡಿ ಮೆಲ್ಲಗೆ ಮಡಿಸುವುದು. ತೂಕ ಕಟ್ಟಬಾರದು. 10 ಸಲ, ಎರಡು ಸುತ್ತು.
2. ಸೇತುವೆ: ಅಂಗಾತ ಮಲಗಿ, ಎರಡೂ ಮಂಡಿ ಚೆನ್ನಾಗಿ ಮಡಿಸಿ, ಪಾದ ಪಿರ್ರೆಯ ಹತ್ತಿರ ಊರಿ ಸೊಂಟ ಎತ್ತುವುದು. ಪಾದ ದೂರ ಇಟ್ಟಷ್ಟೂ ಹ್ಯಾಮ್‌ಸ್ಟ್ರಿಂಗಿಗೆ ಭಾರ ಜಾಸ್ತಿ, ಆದ್ದರಿಂದ ಹತ್ತಿರದಿಂದ ಶುರು ಮಾಡಿ.
3. ಮೇಜು ಹಿಡಿದು ಅರ್ಧ ಕೂರುವುದು, ಹಿಮ್ಮಡಿ ಎತ್ತಿ ನಿಲ್ಲುವುದು, ಒಂದೇ ಕಾಲಲ್ಲಿ 20 ಸೆಕೆಂಡ್ ನಿಲ್ಲುವುದು.
4. ವ್ಯಾಯಾಮದ ಸೈಕಲ್ ಸಿಕ್ಕರೆ ಸೀಟು ಎತ್ತರ ಮಾಡಿ, ಬಿಗಿ ಇಲ್ಲದೆ 10 ನಿಮಿಷ. ಪಾದಕ್ಕೆ ಪಟ್ಟಿ ಹಾಕಬೇಡಿ.

ನಡೆಯಲು ಕಾಫಿ ಒಣಗಿಸುವ ಕಣಕ್ಕಿಂತ ಒಳ್ಳೆ ಜಾಗ ನಮ್ಮಲ್ಲಿ ಇಲ್ಲ. ತೋಟದ ಮನೆಯಲ್ಲಿ ಸಮತಟ್ಟಾದ ನೆಲ ಅಂದರೆ ಅದೊಂದೇ. ಸುತ್ತು ಎಣಿಸಿ. ದಿನಾ 10 ನಿಮಿಷದಿಂದ ಶುರು ಮಾಡಿ, ವಾರಕ್ಕೆ 5 ನಿಮಿಷ ಹೆಚ್ಚಿಸಿ. ಮಳೆ ಇದ್ದರೆ ಕಣ ಜಾರುತ್ತದೆ, ಜಗಲಿಯಲ್ಲೇ ನಡೆಯಿರಿ. ಕಾಫಿ ಹರಡಿದ್ದರೆ ಅಂಚಿನಲ್ಲೂ ಬೇಡ, ಒಣಗಿದ ಹಣ್ಣು ಕಾಲಡಿ ಗೋಲಿಯ ಹಾಗೆ ಉರುಳುತ್ತದೆ.

ಹೆಚ್ಚಿಸಬೇಕಾ ಬೇಡವಾ ಅಂತ ತಿಳಿಯಲು ನನ್ನ ಅಳತೆ ಮಾರನೇ ಬೆಳಿಗ್ಗೆ. ಎದ್ದ ಕೂಡಲೇ ಕೂರುವ ಮೂಳೆಯ ಜಾಗವನ್ನು ಬೆರಳಲ್ಲಿ ಒತ್ತಿ ನೋಡಿ. ನಿನ್ನೆಯಷ್ಟೇ ಇದ್ದರೆ ಮುಂದುವರಿಸಿ. ನಿನ್ನೆಗಿಂತ ನೋವು ಜಾಸ್ತಿ ಇದ್ದರೆ ಎರಡು ದಿನ ಒಂದು ಹೆಜ್ಜೆ ಹಿಂದಕ್ಕೆ. ತೊಡೆಯ ನಡುವೆ ಸ್ನಾಯು ದಣಿದ ನೋವು ಬೇರೆ, ಅದಕ್ಕೆ ಹೆದರಬೇಡಿ.

ಕಾರು ಓಡಿಸುವುದು ಊರುಗೋಲು ಬಿಟ್ಟು, ಮಂಪರು ಬರಿಸುವ ಮಾತ್ರೆ ನಿಲ್ಲಿಸಿ, ಬ್ರೇಕ್ ಗಟ್ಟಿಯಾಗಿ ತುಳಿಯಲು ಬಂದ ಮೇಲೆ. ಬಲಗಾಲಾದರೆ ಸಾಮಾನ್ಯವಾಗಿ 6ರಿಂದ 8 ವಾರ. ಬೈಕಿಗೆ ಕಿಕ್ ಹೊಡೆಯುವುದು 4 ತಿಂಗಳವರೆಗೆ ಬೇಡ.

ಹಂತ 5: 3ರಿಂದ 6 ತಿಂಗಳು

ಟೆಂಡನ್ ಬೆಸೆದಿದೆ. ಇನ್ನು ಬಲ ತುಂಬುವ ಕಾಲ. ಒಂಟಿ ಕಾಲಿನ ಸೇತುವೆ, ಮೆಟ್ಟಿಲು ಹತ್ತಿ ಇಳಿಯುವುದು, ರಬ್ಬರ್ ಪಟ್ಟಿ ಕಟ್ಟಿ ಮಂಡಿ ಮಡಿಸುವುದು. ಎಳೆದು ಹಿಗ್ಗಿಸುವುದನ್ನು ಈಗ ಶುರು ಮಾಡಬಹುದು, ಮೆಲ್ಲಗೆ, ಕಾಲನ್ನು ಝಾಡಿಸದೆ. ತೋಟದ ಏರಿಳಿತದಲ್ಲಿ ನಡೆಯಿರಿ, ಮೊದಲು ಒಣ ದಾರಿ, ಆಮೇಲೆ ಕಡಿದಾದ ದಾರಿ. ಏರು ಹತ್ತುವಾಗ ಮುಂದಕ್ಕೆ ಬಾಗಿ ದೊಡ್ಡ ಹೆಜ್ಜೆ ಹಾಕಬೇಡಿ, ಸಣ್ಣ ಹೆಜ್ಜೆ ಇಡಿ.

ಕುಂಟದೆ 30 ನಿಮಿಷ ಚುರುಕಾಗಿ ನಡೆಯಲು ಬಂದರೆ, ಸುಮಾರು 4 ತಿಂಗಳಿಗೆ, ಜಾಗಿಂಗ್: 4 ನಿಮಿಷ ನಡಿಗೆ, 1 ನಿಮಿಷ ಓಟ, ಐದು ಸುತ್ತು, ಒಂದು ದಿನ ಬಿಟ್ಟು ಒಂದು ದಿನ.

ತೋಟದ ಕೆಲಸದಲ್ಲಿ ಭಾರವಾದ್ದೆಂದರೆ ನೆಲದಿಂದ ಎತ್ತುವುದು. ಕಾಫಿ ಮೂಟೆಗೆ ಬಗ್ಗಿದಾಗ ಹ್ಯಾಮ್‌ಸ್ಟ್ರಿಂಗ್ ಹಿಗ್ಗಿರುತ್ತದೆ, ಅದೇ ಹೊತ್ತಿಗೆ ಪೂರ್ತಿ ಭಾರ ಬೀಳುತ್ತದೆ. ಮೊದಲು ಮೇಜಿನ ಎತ್ತರದಿಂದ 5 ಕಿಲೋ, ಆಮೇಲೆ ಸ್ಟೂಲಿನಿಂದ, ಕೊನೆಗೆ ನೆಲದಿಂದ. ಮೂಟೆ, ಬೆನ್ನಿಗೆ ಕಟ್ಟುವ ಸ್ಪ್ರೇ ಟ್ಯಾಂಕ್, ಕರಿಮೆಣಸಿನ ಏಣಿ, ಇವು ಮೂರೂ 6 ತಿಂಗಳ ನಂತರ. ಏಣಿಯ ಮೇಲೆ ನಿಂತು ಒಂದು ಕಾಲು ಗಾಳಿಯಲ್ಲಿಟ್ಟು ದೂರದ ಗೊಂಚಲಿಗೆ ಕೈ ಚಾಚುತ್ತೇವಲ್ಲ, ಅದಕ್ಕೆ ಬಲವೂ ಬೇಕು, ಬ್ಯಾಲೆನ್ಸೂ ಬೇಕು. ಆ ವರ್ಷದ ಮೆಣಸು ಬೇರೆಯವರು ಕೊಯ್ಯಲಿ.

ಹಂತ 6: ಮತ್ತೆ ಹಾಕಿಗೆ

1997ರಲ್ಲಿ ಕರಡ ಗ್ರಾಮದಲ್ಲಿ ಶುರುವಾದಾಗಿನಿಂದ ಕೊಡವ ಕುಟುಂಬಗಳ ಹಾಕಿ ಹಬ್ಬ ಎಷ್ಟೋ ಮನೆಗಳ ಕ್ಯಾಲೆಂಡರ್ ಆಗಿದೆ. ಅಜ್ಜನಿಂದ ಮೊಮ್ಮಗಳವರೆಗೆ ಒಂದೇ ತಂಡದಲ್ಲಿ ಆಡುವ ಆಟ ಅದು. "ನಮ್ಮ ಮನೆ ತಂಡಕ್ಕೆ ಒಬ್ಬರು ಕಡಿಮೆ" ಅಂದಾಗ ಎದೆ ಚುರ್ ಅನ್ನುತ್ತದೆ, ನಿಜ. ಆದರೆ ದಿನಾಂಕ ನೋಡಿ ಮೈದಾನಕ್ಕೆ ಇಳಿಯಬೇಡಿ, ಕಾಲು ನೋಡಿ ಇಳಿಯಿರಿ. ನವೆಂಬರಿನಲ್ಲಿ ಆಪರೇಷನ್ ಆದವರಿಗೆ ಏಪ್ರಿಲ್ ಬೇಗವಾಯಿತು. ಬಹುಪಾಲು ಜನರಿಗೆ 6ರಿಂದ 9 ತಿಂಗಳು ಬೇಕು, ಕೆಲವರಿಗೆ ವರ್ಷ.

ಇಳಿಯುವ ಮುಂಚೆ ಇಷ್ಟು ಆಗಬೇಕು: ಫಿಸಿಯೋ ಅಳೆದಾಗ ಆ ಕಾಲಿನ ಬಲ ಇನ್ನೊಂದು ಕಾಲಿನ ಶೇಕಡಾ 90 ಮುಟ್ಟಿರಬೇಕು. ಒಂಟಿ ಕಾಲಿನ ನೆಗೆತದಲ್ಲೂ ಅಷ್ಟೇ. ಪೂರ್ತಿ ವೇಗದ ಓಟ ನೋವಿಲ್ಲದೆ ಬರಬೇಕು. ವೇಗವನ್ನು ಅರ್ಧದಿಂದ ಶುರು ಮಾಡಿ, ಮುಕ್ಕಾಲು, ಆಮೇಲೆ ಪೂರ್ತಿ ಅಂತ ಕೆಲವು ವಾರ ತೆಗೆದುಕೊಂಡು ಏರಿಸಿ. ಮಂಡಿಯೂರಿ ನಿಂತು, ಹಿಂದಿನಿಂದ ಒಬ್ಬರು ಪಾದ ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವ ವ್ಯಾಯಾಮಕ್ಕೆ ನಾರ್ಡಿಕ್ ಅನ್ನುತ್ತಾರೆ. ಫಿಸಿಯೋ ಒಪ್ಪಿದ ಮೇಲೆ ವಾರಕ್ಕೆ ಎರಡು ಸಲ ಇದನ್ನು ಮಾಡಿ, ಆಡುವಷ್ಟು ಕಾಲ ಬಿಡಬೇಡಿ.

ಸ್ಟಿಕ್ ಹಿಡಿದ ಮೇಲೂ ಕ್ರಮ ಇದೆ. ಮೊದಲು ನಿಂತಲ್ಲೇ ಪಾಸ್. ಆಮೇಲೆ ಬಗ್ಗಿ ಡ್ರಿಬ್ಲಿಂಗ್. ಆಮೇಲೆ ಓಡುತ್ತಾ ತಿರುಗುವುದು. ಮುಂಗಾಲು ಚಾಚಿ ನೆಲಕ್ಕೆ ಮೈ ಇಳಿಸಿ ಚೆಂಡು ತಡೆಯುವುದು ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಮೊದಲ ಸಲ ಕಿತ್ತಿದ್ದೂ ಹಾಗೆ ಚಾಚಿದಾಗಲೇ ಇರಬಹುದು. ಒದ್ದೆ ಹುಲ್ಲಿನ ಮೈದಾನದಲ್ಲಿ ಅದನ್ನು ಅಭ್ಯಾಸ ಮಾಡಬೇಡಿ.

ಮೊದಲ ಪಂದ್ಯದಲ್ಲಿ ಹತ್ತು ನಿಮಿಷ ಆಡಿ ಹೊರಗೆ ಬನ್ನಿ. ಮಾರನೇ ಬೆಳಿಗ್ಗೆ ಎದ್ದ ಕೂಡಲೇ ಕೂರುವ ಮೂಳೆ ಒತ್ತಿ ನೋಡಿ. ನೋವಿಲ್ಲದಿದ್ದರೆ ಮುಂದಿನ ಪಂದ್ಯಕ್ಕೆ ಇಪ್ಪತ್ತು ನಿಮಿಷ.